ಬಿಡಿಸಿಟ್ಟ ತುದಿ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಗೂ ತೊಗರಿ ಹೊಟ್ಟಿನ ವಾಸನೆಗೂ ಯಾವ ಸಂಬಂಧವೂ ಇಲ್ಲ. ನನಗೆ ಮಾತ್ರ ಒಂದರ ಹಿಂದೆ ಇನ್ನೊಂದು ಬರುತ್ತದೆ. ಈಚೆಗೆ ಲ್ಯಾಬಿನಲ್ಲಿ ಹೊಸ ಬೋರ್ಡಿಗೆ ತಂತಿ ಬೆಸೆಯುತ್ತಿದ್ದಾಗ ಮೊದಲು ರಾಳ ಮೂಗಿಗೆ ಬಂತು. ಆಮೇಲೆ ಆಳಂದದ ನಮ್ಮ ಮನೆಯ ಮಾಳಿಗೆ ಬಂತು, ಗೋಣಿಚೀಲಗಳ ಮೇಲೆ ಕುಳಿತ ಹೊಟ್ಟಿನ ಧೂಳು ಬಂತು, ಕುಂಬಿ ಗೋಡೆಯ ಉದ್ದಕ್ಕೂ ಕಟ್ಟಿದ್ದ ಕರಿಯ ಕೇಬಲ್ಲು ಬಂತು, ಕೊನೆಗೆ ಅದರ ತುದಿಗೆ ಸುತ್ತಿದ್ದ ಟೇಪಿನ ಉಂಡೆ. ಆ ಹಂಗಾಮಿನಲ್ಲಿ ಆ ಉಂಡೆಯೊಂದನ್ನು ಬಿಟ್ಟು ನಾನು ಎಲ್ಲವನ್ನೂ ಎಲ್ಲರನ್ನೂ ಅನುಮಾನಿಸಿದ್ದೆ.

ಅವ್ವ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡದ್ದು ತೊಗರಿ ಕೊಯ್ಲು ಶುರುವಾಗುವ ಹೊತ್ತಿಗೆ. ಅಣ್ಣನಿಗೆ ಅಫಜಲಪುರದಲ್ಲಿ ಸರ್ಕಾರಿ ನೌಕರಿ. ಅಲ್ಲಿಯೇ ರೂಮು ಮಾಡಿಕೊಂಡಿದ್ದ, ಶನಿವಾರ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ. ಹೊಲದ ರಾಶಿ, ಆಳುಗಳ ಊಟ, ಅವ್ವನ ಕಾಲು ಎಲ್ಲವೂ ಅಣ್ಣನ ಹೆಂಡತಿ ಗುರುಬಾಯಿ ವೈನಿಯ ಮೇಲೆ ಬಿದ್ದವು. ನಾನು ದೂರದ ಊರಿನ ಒಂದು ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ ಚಿಪ್ಪುಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೆ. ಗೈಡ್ ಸರ್ ಹತ್ತಿರ ರಜೆ ಕೇಳಿದೆ. ಅವರು ರಜೆ ಕೊಟ್ಟರು, ಜೊತೆಗೆ ಗಡುವನ್ನೂ ಕೊಟ್ಟರು.

“ಸಂಕ್ರಾಂತಿ ಮುಗಿದ ಮೇಲೆ ಚಿಪ್ಪಿನ ನಕ್ಷೆ ಫ್ಯಾಕ್ಟರಿಗೆ ಹೋಗುತ್ತೆ. ನಮ್ಮ ಗುಂಪಿಗೆ ಇರೋದು ಒಂದೇ ಜಾಗ. ಅದರಲ್ಲಿ ನಿಮ್ಮದು ಹೋಗಬೇಕು, ಇಲ್ಲ ವಿಶಾಲ್‌ದು ಹೋಗಬೇಕು. ವಿಶಾಲ್‌ದು ಕೆಲಸ ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು. ನಿಮ್ಮದು ಮಾಡುತ್ತೆ ಅಂತ ನನಗೆ ತೋರಿಸಿ.”

ವಿಶಾಲ್ ನನ್ನ ಪಕ್ಕದ ಮೇಜಿನವನು. ಇಬ್ಬರ ಕೆಲಸವೂ ಒಂದೇ ಜಾತಿಯ ಸರ್ಕೀಟು: ಡೆಲ್ಟಾ-ಸಿಗ್ಮಾ ಮಾಡ್ಯುಲೇಟರ್. ಹೊರಗಿನಿಂದ ಬರುವ ಏರಿಳಿತದ ಸಂಕೇತವನ್ನು ಸೊನ್ನೆ ಒಂದುಗಳ ಸಾಲಾಗಿ ಮಾಡುವುದು ಇದರ ಕೆಲಸ. ಬೇರೆ ಸರ್ಕೀಟುಗಳು ಒಮ್ಮೆ ಅಳೆದು ಉತ್ತರ ಹೇಳಿ ಸುಮ್ಮನಾಗುತ್ತವೆ. ಇದು ತನ್ನ ಉತ್ತರವನ್ನು ತಾನೇ ನಂಬುವುದಿಲ್ಲ. ಹೇಳಿದ ಪ್ರತಿಯೊಂದು ಸೊನ್ನೆಯನ್ನೂ ಒಂದನ್ನೂ ಮತ್ತೆ ಒಳಗೆ ತಂದು, ಬಂದ ಸಂಕೇತದಿಂದ ಕಳೆದು, ಎಷ್ಟು ತಪ್ಪು ಉಳಿಯಿತು ಎಂದು ನೋಡುತ್ತದೆ. ಆ ತಪ್ಪನ್ನು ಲೆಕ್ಕಕ್ಕೆ ಹಿಡಿದು ಮುಂದಿನ ಉತ್ತರ ಹೇಳುತ್ತದೆ. ಹೀಗೆ ನಮಗೆ ಬೇಕಾದ ಜಾಗದಲ್ಲಿನ ಗದ್ದಲವನ್ನು ಬೇಡದ ಜಾಗಕ್ಕೆ ತಳ್ಳುತ್ತಾ ಹೋಗುತ್ತದೆ. ಪರದೆಯ ಮೇಲೆ ನೋಡಿದರೆ ಗದ್ದಲದ ಗುಡ್ಡಗಳ ನಡುವೆ ಒಂದು ಕಣಿವೆ ಕಾಣಬೇಕು. ಕಣಿವೆ ಆಳವಾಗಿದ್ದರೆ ಸರ್ಕೀಟು ಒಳ್ಳೆಯದು.

ಕಣಿವೆ ಎಲ್ಲಿ ಬೀಳಬೇಕೆಂದು ಹೇಳುವುದು ಒಳಗಿನ ಅನುರಣಕ, ಅಂದರೆ ಒಂದು ಗೊತ್ತಾದ ಗತಿಗೆ ಮಾತ್ರ ಮಿಡಿಯುವ ಭಾಗ. ವಿಶಾಲ್ ಎಲ್ಲರಂತೆ ಅದಕ್ಕೆ ಸುರುಳಿ ಮತ್ತು ಕೆಪಾಸಿಟರ್ ಬಳಸಿದ್ದ. ನನ್ನದರಲ್ಲಿ ಎರಡೂ ಇರಲಿಲ್ಲ. ಅವುಗಳ ಬದಲು ಒಂದು ಉದ್ದ ತಂತಿ ಇತ್ತು, ಅಷ್ಟೇ. ಒಂದು ತುದಿಯಿಂದ ಅಲೆ ಕಳಿಸಬೇಕು, ಅದು ಇನ್ನೊಂದು ತುದಿ ಮುಟ್ಟಿ ಹಿಂದಿರುಗಬೇಕು, ಹೋಗುವುದೂ ಬರುವುದೂ ಸೇರಿ ತೂಗಬೇಕು. ಅನುರಣನ ಒಂದು ಬಿಡಿಭಾಗದಲ್ಲಿ ಕೂತಿಲ್ಲ, ತಂತಿಯ ಉದ್ದಕ್ಕೂ ಹರಡಿಕೊಂಡಿದೆ. ಸರ್ಕೀಟನ್ನು ನಡೆಸುವ ಗಡಿಯಾರದ ಬಡಿತ ಸ್ವಲ್ಪ ನಡುಗಿದರೂ ಇಂಥ ಸರ್ಕೀಟು ವಿಶಾಲ್‌ನದರಷ್ಟು ಕೆಡುವುದಿಲ್ಲ ಎಂಬುದು ನನ್ನ ವಾದ. ಚಿಪ್ಪಿನಲ್ಲಿ ಆ ತಂತಿ ಕಣ್ಣಿಗೆ ಕಾಣದಷ್ಟು ಸಣ್ಣದು. ಚಿಪ್ಪಿಗೆ ಮೊದಲು ಅದನ್ನೇ ನಿಧಾನದ ಗತಿಯಲ್ಲಿ ಬೋರ್ಡಿನ ಮೇಲೆ ಮಾಡಿ ತೋರಿಸಬೇಕಿತ್ತು, ನಿಧಾನದ ಗತಿಗೆ ಬಹಳ ಉದ್ದದ ತಂತಿ ಬೇಕು.

ಉದ್ದದ ತಂತಿ ಆಳಂದದಲ್ಲಿ ಖಾಜಾಸಾಬರ ಹತ್ತಿರ ಇತ್ತು. ಒಂದು ಕಾಲಕ್ಕೆ ನಮ್ಮ ಓಣಿಗೆಲ್ಲ ಅವರದೇ ಕೇಬಲ್ ಟಿವಿ. ಈಗ ಮನೆಮನೆಗೆ ಡಿಶ್ ಬಂದು ಅವರ ಕೇಬಲ್ಲು ಸುರುಳಿ ಸುತ್ತಿಕೊಂಡು ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು.

“ಟಿವಿ ಇಲ್ಲ, ಚಾನಲ್ ಇಲ್ಲ, ಬರೀ ವೈರ್ ಯಾಕ ಬೇಕವ್ವ ನಿನಗ?” ಅಂದರು.

“ಅಭ್ಯಾಸಕ್ಕ ಬೇಕ್ರಿ ಚಾಚಾ.”

“ವೈರ್‌ದಾಗ ಏನ್ ಅಭ್ಯಾಸ ಅದ? ಈ ಕಡೆ ಹಾಕಿದ್ದು ಆ ಕಡೆ ಬರ್ತದ. ಇಷ್ಟs.”

“ಆ ಕಡೆ ಹೋಗಿದ್ದು ಈ ಕಡೆ ವಾಪಸ್ ಬರ್ಬೇಕ್ರಿ ನನಗ.”

ಖಾಜಾಸಾಬರು ಸುರುಳಿಯ ಮೇಲಿನ ಧೂಳು ಕೊಡವಿದರು. “ಯಾರ ಮನಿಗೂ ಕನೆಕ್ಷನ್ ಕೊಡಬ್ಯಾಡ ಮತ್ತ,” ಎಂದು ಎಚ್ಚರಿಸಿ ಸುರುಳಿ ಎತ್ತಿಕೊಟ್ಟರು.

ಕೇಬಲ್ಲನ್ನು ಸುರುಳಿಯಾಗಿಯೇ ಇಟ್ಟರೆ ನನಗೆ ಸಮಾಧಾನವಿರಲಿಲ್ಲ. ಮೇಲಿನ ಖೋಲಿಯ ಕಿಟಕಿಯಿಂದ ಹೊರಗೆ ಬಿಟ್ಟು, ಮಾಳಿಗೆಯ ಕುಂಬಿ ಗೋಡೆಗೆ ಸುತ್ತಲೂ ಕಟ್ಟಿ, ಕೊನೆಯ ತುದಿಯನ್ನು ವೈನಿ ತೊಗರಿ ಒಣಹಾಕುವ ಮೂಲೆಗೆ ತಂದು ನಿಲ್ಲಿಸಿದೆ. ತುದಿಯಲ್ಲಿ ನಡುವಿನ ತಾಮ್ರವನ್ನೂ ಸುತ್ತಲಿನ ಜಾಲರಿಯನ್ನೂ ಕೂಡಿಸಿ ಬಿಗಿಯಾಗಿ ಹೊಸೆಯಬೇಕಿತ್ತು. ಹಗ್ಗವನ್ನು ಕಂಬಕ್ಕೆ ಕಟ್ಟಿ ಝಾಡಿಸಿದರೆ ಏಳುವ ಉಬ್ಬು ಕಂಬದವರೆಗೆ ಹೋಗಿ ತಲೆಕೆಳಗಾಗಿ ಹಿಂದಿರುಗುತ್ತದಲ್ಲ, ಹಾಗೆ. ಹಗ್ಗದ ತುದಿ ಸಡಿಲವಾಗಿದ್ದರೆ ಉಬ್ಬು ಹೋದ ಹಾಗೆಯೇ ಮರಳುತ್ತದೆ. ನನಗೆ ಬೇಕಾದದ್ದು ತಲೆಕೆಳಗಾಗಿ ಮರಳುವ ಅಲೆ. ಕತ್ತರಿಸಿ ಕತ್ತರಿಸಿ ಉದ್ದ ಸರಿಮಾಡುತ್ತಿದ್ದುದರಿಂದ ತುದಿಗೆ ಬೆಸುಗೆ ಹಾಕಲಿಲ್ಲ. ಹೊಸೆದು ಕರಿ ಟೇಪು ಸುತ್ತಿದೆ.

ಶನಿವಾರ ಬಂದ ಅಣ್ಣ ಮಾಳಿಗೆ ಹತ್ತಿ ನೋಡಿ ನಕ್ಕ. “ತೊಗರಿ ಆರ್‍ಸೋ ಜಾಗದಾಗ ಕೇಬಲ್ ಆರ್‍ಸಾಕತ್ತೀಯಲ್ಲ ನೀಲಾ. ಒಣಗಿದ ಮ್ಯಾಲ ಬೀಸಾಕ ಹಾಕ್ತೀ ಏನ?”

ವೈನಿ ನಗಲಿಲ್ಲ. ಕೈಯಲ್ಲಿ ತೊಗರಿ ಕೇರುವ ಮರ ಹಿಡಿದುಕೊಂಡು, ಕೇಬಲ್ಲು ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಅವರು ಜೇವರ್ಗಿಯವರು. ನಮ್ಮ ಮನೆಗೆ ಬಂದು ಎರಡು ವರ್ಷವಾಗಿದ್ದರೂ ನಾನು ಹಾಸ್ಟೆಲ್ಲಿನಲ್ಲಿ ಇದ್ದುದರಿಂದ ಇಬ್ಬರೂ ಹಬ್ಬಕ್ಕೆ ಸಿಗುವ ನೆಂಟರಂತೆಯೇ ಉಳಿದಿದ್ದೆವು. ಮಾತು ಕಡಿಮೆ ಆಡುವವಳೆಂದು ನನಗೆ ಹೆಸರು. ವೈನಿ ಎಲ್ಲರ ಕೂಡ ಮಾತಾಡುತ್ತಾರೆ, ನನ್ನ ಕೂಡ ಮಾತ್ರ ತೂಕ ಮಾಡಿ ಆಡುತ್ತಾರೆ ಎಂದು ನನಗೆ ಅನಿಸುತ್ತಿತ್ತು.

ಕಣಿವೆ ಮೊದಲ ಸಲ ಕಂಡದ್ದು ಒಂದು ಬಿಸಿಲಿನ ಮಧ್ಯಾಹ್ನ. ನಾನು ಲೆಕ್ಕ ಹಾಕಿದ್ದ ಜಾಗದಲ್ಲೇ, ಲೆಕ್ಕ ಹಾಕಿದಷ್ಟೇ ಆಳಕ್ಕೆ ಬಿದ್ದಿತ್ತು. ಸಂತೋಷಪಡುವುದಕ್ಕಿಂತ ಮೊದಲು ನಾನು ಪ್ಲಗ್ ಕಿತ್ತು ಮತ್ತೆ ಹಾಕಿದೆ. ಮತ್ತೆ ಬಂತು. ಚಿತ್ರ ತೆಗೆದು ಸರ್‌ಗೆ ಕಳಿಸಿದೆ. ‘ಚೆನ್ನಾಗಿದೆ. ಇನ್ನೊಂದು ವಾರ ಬಿಟ್ಟು ಇದನ್ನೇ ಮತ್ತೆ ಕಳಿಸಿ’ ಎಂದು ಉತ್ತರ ಬಂತು. ಒಮ್ಮೆ ಬಂದದ್ದನ್ನು ಅವರು ಫಲಿತಾಂಶವೆಂದು ಒಪ್ಪುವವರಲ್ಲ. ನಾನೂ ಅಲ್ಲ.

ಮರುದಿನ ಕಾಲಿನ ಕಟ್ಟು ತೋರಿಸಲು ಅವ್ವನೂ ನಾನೂ ಕಲಬುರಗಿಗೆ ಹೋದೆವು, ರಾತ್ರಿ ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ತಿರುಗಿ ಬಂದು ಬೋರ್ಡು ಹಚ್ಚಿದರೆ ಕಣಿವೆ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಸೊನ್ನೆ ಒಂದುಗಳು ಹಟ ಹಿಡಿದ ಮಗುವಿನಂತೆ ಒಂದೇ ಸಾಲನ್ನು ತಿರುತಿರುಗಿ ಹೇಳುತ್ತಿದ್ದವು.

ಅನುಮಾನ ಒಂದು ಅಭ್ಯಾಸ. ನನಗೆ ಅದನ್ನು ಕ್ರಮವಾಗಿ ಮಾಡಲು ಕಲಿಸಿದ್ದಾರೆ. ಮೊದಲು ಆಳಂದದ ಕರೆಂಟನ್ನು ಹಿಡಿದೆ, ಅಣ್ಣನ ಹಳೆಯ ಬೈಕಿನ ಬ್ಯಾಟರಿ ತಂದು ಬೋರ್ಡನ್ನು ಅದರ ಮೇಲೆ ನಡೆಸಿದೆ. ಗುಡ್ಡ ಅಲುಗಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡ್ ಕಡೆಯ ಮೊಬೈಲ್ ಟವರು. ಅದರ ಅಲೆಗಳನ್ನು ತಡೆಯಲು ಶೇಂಗಾ ಎಣ್ಣೆಯ ಖಾಲಿ ತಗಡಿನ ಡಬ್ಬಿ ತೊಳೆದು ಅದರೊಳಗೆ ಬೋರ್ಡು ಇಟ್ಟು ಮುಚ್ಚಳ ಹಾಕಿದೆ. ವೈನಿ ಅಡುಗೆಮನೆಯಿಂದ, “ನೀಲಾ, ಡಬ್ಬಿ ಎಲ್ಲಿ?” ಎಂದು ಕೂಗಿದರು. “ಮ್ಯಾಗ ಅದ್ರಿ,” ಅಂದೆ. “ಎಣ್ಣಿ ಡಬ್ಬಿ ಮ್ಯಾಗ ಏನ್ ಮಾಡ್ತದ?” ಎಂದು ಅವ್ವನನ್ನು ಕೇಳಿದ್ದು ನನಗೆ ಕೇಳಿಸಿತು. ಅವ್ವ, “ಆಕಿಗಿ ಏನೂ ಕೇಳಬ್ಯಾಡವ್ವ, ತಿಳೀದಂಗ ಹೇಳ್ತಾಳ,” ಅಂದಳು. ಡಬ್ಬಿಯೊಳಗೂ ಗುಡ್ಡ ಹಾಗೇ ಇತ್ತು. ಲೆಕ್ಕವನ್ನು ಮೊದಲಿನಿಂದ ಮಾಡಿದೆ, ಒಂದೊಂದು ಬಿಡಿಭಾಗವನ್ನೂ ಬದಲಿಸಿದೆ. ಮಾಳಿಗೆಯ ತುದಿಯನ್ನೂ ಹೋಗಿ ನೋಡಿದೆ. ಗೋಣಿಚೀಲಗಳ ಪಕ್ಕದಲ್ಲಿ ಕರಿ ಟೇಪಿನ ಉಂಡೆ ಕಂಡಿತು. ಸುತ್ತಿದವಳು ನಾನೇ ಎಂದುಕೊಂಡು ಇಳಿದು ಬಂದೆ.

ವಸ್ತುಗಳು ಮುಗಿದ ಮೇಲೆ ಮನುಷ್ಯರ ಸರದಿ. ಬೋರ್ಡನ್ನು ಲ್ಯಾಬಿನಿಂದ ಪಾರ್ಸಲ್ ಮಾಡಿದವನು ವಿಶಾಲ್. ಬಂದ ದಿನವೇ ಪಾರ್ಸಲ್ ಡಬ್ಬಿಯ ಟೇಪು ಒಮ್ಮೆ ಬಿಚ್ಚಿ ಮತ್ತೆ ಅಂಟಿಸಿದ ಹಾಗಿತ್ತು. ಆಗ ಸುಮ್ಮನಿದ್ದೆ, ಈಗ ಅದು ದೊಡ್ಡದಾಗಿ ಕಂಡಿತು. ಅವನಿಗೆ ಫೋನ್ ಮಾಡಿ ಬೇರೆ ಏನೋ ಕೇಳಿದೆ. ಅವನೂ ಬೇರೆ ಏನೋ ಹೇಳಿ, ಕೊನೆಗೆ, “ನಿಮ್ಮದು ಬರ್ತಿಲ್ವಂತೆ?” ಅಂದ. ಬರುತ್ತಿಲ್ಲವೆಂದು ನಾನು ಸರ್ ಒಬ್ಬರಿಗೇ ಬರೆದಿದ್ದೆ.

ಅದೇ ವಾರ ನಾನು ಮೆಟ್ಟಿಲು ಇಳಿಯುತ್ತಿದ್ದಾಗ ವೈನಿ ಹಿತ್ತಲಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ದನಿ ತಗ್ಗಿತ್ತು.

“ಹೂಂ, ದಿನಾ ನೋಡ್ತೇನಿ... ಇಲ್ಲಪಾ, ಆಕಿಗಿ ಇನ್ನೂ ಗೊತ್ತಾಗಿಲ್ಲ... ಹೇಳಂಗಿಲ್ಲ ಬಿಡು. ನೀ ಹೇಳಿದಂಗs ಮಾಡೇನಿ.”

ನನ್ನನ್ನು ಕಂಡು, “ಚಾ ಕುಡೀತೀ ಏನ ನೀಲಾ?” ಅಂದರು.

ಆಮೇಲೆ ನಾನು ಗಮನಿಸತೊಡಗಿದೆ. ವೈನಿ ದಿನಾ ಮುಂಜಾನೆ ತೊಗರಿ ಕೈಯಾಡಿಸುವ ಮೊದಲು ಮಾಳಿಗೆಯಲ್ಲಿ ಒಂದು ಸುತ್ತು ಹಾಕುತ್ತಿದ್ದರು. ನನ್ನ ಖೋಲಿಯ ಮುಂದೆ ಬಂದಾಗ ನಡಿಗೆ ನಿಧಾನವಾಗುತ್ತಿತ್ತು. ಒಮ್ಮೆ ಕಿಟಕಿಯ ಹತ್ತಿರ ನಿಂತು, ಕೇಬಲ್ಲು ಒಳಗೆ ಹೋಗುವ ಜಾಗವನ್ನು ಬಗ್ಗಿ ನೋಡುತ್ತಿದ್ದವರು ನಾನು ಕೆಮ್ಮಿದ ಕೂಡಲೇ ಸೆರಗು ಸರಿಮಾಡಿಕೊಂಡು ಹೋದರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ, ನನಗೆ ಗೊತ್ತಾಗಬಾರದ್ದು ಏನಿದೆ ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಬಜಾರಿಗೆ ಹೋಗಿ ಒಂದು ಬೀಗ ತಂದು ಖೋಲಿಗೆ ಹಾಕಿದೆ. ವೈನಿ ಬೀಗ ನೋಡಿದರು. ಮರುದಿನದಿಂದ ನನ್ನ ಚಹಾ ಖೋಲಿಯವರೆಗೆ ಬರುವುದು ನಿಂತಿತು. ಮೆಟ್ಟಿಲಿನ ಮೇಲೆ ಬಟ್ಟಲು ಮುಚ್ಚಿಟ್ಟುಕೊಂಡು ಕೂತಿರುತ್ತಿತ್ತು.

ಆ ಹೊತ್ತಿಗೆ ಎಳ್ಳ ಅಮಾವಾಸ್ಯೆ ಬಂತು. ವೈನಿಯ ತವರಿನವರು ಹೊಲದ ಊಟಕ್ಕೆ ಕರೆದಿದ್ದರು. ಅವ್ವನ ಹತ್ತಿರ ಚಿಕ್ಕಮ್ಮ ಬಂದು ಕೂತರು. “ನೀನೂ ಹೋಗು. ವೈರ್ ಒಂದಿನಾ ಒಂದs ಇರ್ತದ, ಅಂಜಂಗಿಲ್ಲ,” ಎಂದು ಅವ್ವ ನನ್ನನ್ನು ಎಬ್ಬಿಸಿ ಕಳಿಸಿದಳು. ಅಣ್ಣ ಅಫಜಲಪುರದಿಂದ ಬೈಕಿನ ಮೇಲೆ ನೇರ ಬರುವವನಿದ್ದ. ವೈನಿಯೂ ನಾನೂ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋದೆವು. ದಾರಿಯುದ್ದಕ್ಕೂ ಕೊಯ್ದ ತೊಗರಿ ಹೊಲಗಳು, ಕರಿಯ ಮಣ್ಣಿನಲ್ಲಿ ಮೊಳಕಾಲುದ್ದ ಜೋಳ. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಎರಡು ಕಡೆ ನೋಡುತ್ತಾ ಹೋದೆವು.

ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ, ಜೋಳದ ಸಾಲುಗಳ ನಡುವೆ ಕಂಬಳಿ ಹಾಸಿ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಬಡಿಸುತ್ತಿದ್ದವರು ವೈನಿಯ ಅಣ್ಣ ಮಲ್ಲಣ್ಣ. ಅವರನ್ನು ಮದುವೆಯಲ್ಲಿ ಕಂಡಿದ್ದೆ, ಬಲಗೈಯನ್ನು ಆಗ ಗಮನಿಸಿರಲಿಲ್ಲ. ಎರಡು ಬೆರಳು ಬುಡದವರೆಗೆ ಇರಲಿಲ್ಲ, ಉಳಿದವುಗಳ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

“ಮೇಡಂನೋರ, ಇನ್ನೊಂದು ಹೋಳಿಗಿ.”

“ಸಾಕ್ರಿ.”

“ಇಲ್ಲಿ ಸಾಕ್ ಅನ್ನೂದು ನಡ್ಯಂಗಿಲ್ರಿ. ಕಾಲೇಜ್‌ದಾಗ ಅನ್ರಿ.”

ಅವರು ನೀರು ತರಲೆಂದು ಬೋರಿನ ಹತ್ತಿರ ಹೋದರು. ನಾನೂ ಕೈ ತೊಳೆಯಲು ಹಿಂದೆ ಹೋದೆ. ಪಂಪಿನ ಡಬ್ಬಿಯ ಪಕ್ಕದಲ್ಲಿ ಹಳೆಯದೊಂದು ವೈರು ಜೋತುಬಿದ್ದಿತ್ತು. ಅದರ ಎರಡು ತಾಮ್ರದ ತುದಿಗಳನ್ನು ಯಾರೋ ಕೂಡಿಸಿ ಹೊಸೆದಿದ್ದರು. ಮಲ್ಲಣ್ಣನ ಮುಖದ ಮೇಲಿನ ನಗೆ ಹೋಯಿತು. ಕೊಡ ಕೆಳಗಿಟ್ಟು, ಮೇನ್ ಸ್ವಿಚ್ಚು ಇಳಿಸಿ, ಒಣ ತೊಗರಿ ಕಟ್ಟಿಗೆ ಮುರಿದು ತಂದು ಆ ತುದಿಗಳನ್ನು ಬಿಡಿಸಿದರು. ಹಬ್ಬದ ಬಿಳಿ ಅಂಗಿಯ ಜೇಬಿನಿಂದ ಕರಿ ಟೇಪಿನ ಸುರುಳಿ ಹೊರಬಂತು. ಒಂದೊಂದು ತುದಿಗೂ ಬೇರೆ ಬೇರೆ ಸುತ್ತಿದರು. ಆಮೇಲೆ ಎರಡನ್ನೂ ಸೇರಿಸಿ ಮೇಲೊಂದು ದಪ್ಪ ಸುತ್ತು. ಕೊನೆಗೆ ಟೇಪಿನ ಬಾಲವನ್ನು ತಿರುವಿ ಒಳಗೆ ಸಿಕ್ಕಿಸಿದರು.

“ಯಾವ ಮಗಾ ಕೂಡ್ಸ್ಯಾನಲೇ ಇದನ್ನ?” ಎಂದು ಕಂಬಳಿಯ ಕಡೆ ಕೂಗಿದರು.

“ಖಾಲಿ ವೈರ್ ಅದನೋ, ಎಲ್ಲೂ ಹಚ್ಚಿಲ್ಲ,” ಎಂದು ಅವರ ಅಪ್ಪನ ದನಿ ಬಂತು.

“ಇವತ್ತ ಖಾಲಿ ಅದ. ನಾಳಿ ಯಾರ್ ಹಚ್ತಾರೋ ಯಾರಿಗ್ಗೊತ್ತು? ನಂದೂ ಖಾಲಿ ವೈರೇ ಇತ್ತು.” ನನ್ನ ಕಡೆ ತಿರುಗಿ ದನಿ ಇಳಿಸಿದರು. “ನಮ್ಮ ಮಂದಿ ಹಿಂಗs ನೋಡ್ರಿ. ಬರಿ ತುದಿ ಕೂಡಿದ್ದು ಕಂಡ್ರ ಬಿಡ್ಸೇ ಮುಂದ ಹೋಗ್ಬೇಕು ಅಂತ ಮನ್ಯಾಗ ಎಲ್ಲಾರಿಗೂ ಹೇಳೇನಿ.”

ನಾನು ಆ ಉಂಡೆಯನ್ನು ನೋಡುತ್ತಿದ್ದೆ. ನಾನು ಟೇಪು ಸುತ್ತಿದರೆ ಕೊನೆಯನ್ನು ಕತ್ತರಿಸಿ ಒತ್ತುತ್ತೇನೆ. ಬಾಲ ತಿರುವಿ ಒಳಗೆ ಸಿಕ್ಕಿಸುವುದು ನನ್ನ ಪದ್ಧತಿಯಲ್ಲ. ನಮ್ಮ ಮಾಳಿಗೆಯ ಉಂಡೆಗೆ ಅಂಥ ಬಾಲ ಇತ್ತು. ನಾನು ಅದನ್ನು ನೋಡಿದ್ದೆ, ನನ್ನದೆಂದು ನಂಬಿದ್ದೆ.

ತಿರುಗಿದರೆ ವೈನಿ ಆಗಲೇ ಎದ್ದು ಬಂದು ನನ್ನ ಹಿಂದೆ ನಿಂತಿದ್ದರು.

“ವೈನಿ, ಮಾಳಗಿ ಮ್ಯಾಗಿನ ವೈರ್...”

“ಬಿಡ್ಸೇನಿ,” ಅಂದರು, ನಾನು ಮುಗಿಸುವ ಮೊದಲೇ. “ನೀ ಕೂಡ್ಸಿದ್ರ ಮತ್ತ ಬಿಡಸ್ತೇನಿ. ಬೈತೀ ಅಂದ್ರ ಬೈ.”

“ಯಾವಾಗ್ರಿ?”

“ಅತ್ತಿಯವ್ರನ್ನ ಕಲಬುರಗಿಗಿ ಕರ್ಕೊಂಡು ಹೋಗಿದ್ದಿಯಲ್ಲ, ಅವತ್ತ. ಬಿಸಿಲಿಗಿ ನಿನ್ನ ಟೇಪ್ ಬಿಚ್ಚಿಕೊಂಡಿತ್ತು. ಒಳಗ ನೋಡಿದ್ರ ಎರಡೂ ಕೂಡ್ಸಿ ತಿರುವಿಟ್ಟೀ! ನಿನ್ನ ಖೋಲ್ಯಾಗ ದಿನಾ ಮಿಷಿನ್ ನಡೀತಿರ್ತದ, ಲೈಟ್ ಹತ್ತತಾವ ಆರ್ತಾವ. ನಮ್ಮಣ್ಣನ ಕೈ ನೆನಪಾತು. ಅಣ್ಣಗ ಫೋನ್ ಹಚ್ಚಿದೆ.”

“ನನಗ ಹೇಳ್ಬೇಕಿತ್ತಲ್ರಿ.”

ಮಲ್ಲಣ್ಣ ನಡುವೆ ಬಂದರು. “ನಾನs ಬ್ಯಾಡ ಅಂದೇನ್ರಿ. ಓದಿದವ್ರಿಗಿ ಹೇಳಿದ್ರ ಏನೂ ಆಗಂಗಿಲ್ಲ ಅಂತ ಸಮಜಾಯಿಸಿ ಹೇಳ್ತಾರ. ನಾವು ಹೌದು ಅನ್ಬೇಕಾಗ್ತದ. ಅದಕ್ಕs ಸುಮ್ಕ ಬಿಡ್ಸಿಡು, ದಿನಾ ನೋಡು ಅಂದೆ.”

“ಹೇಳಬೇಕು ಅಂತ ಆಮ್ಯಾಲ ಬಂದಿದ್ದೆ,” ಅಂದರು ವೈನಿ. “ಅಷ್ಟೊತ್ತಿಗಿ ನೀ ಬೀಗ ಜಡದಿದ್ದಿ. ಏನ್ ಮಾಡ್ತಾಳೋ ಒಳಗ, ಯಾರಿಗಿ ಗೊತ್ತು ಅಂತ ನಾನೂ ಸುಮ್ಮನಾದೆ.”

ಬಸ್ಸಿನಲ್ಲಿ ತಿರುಗಿ ಬರುವಾಗ ವೈನಿ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆ ಮಾಡಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತುದಿ ಬಿಡಿಸಿದರೆ ಅಲೆ ತಲೆಕೆಳಗಾಗದೆ ಮರಳುತ್ತದೆ. ಕಳೆಯಬೇಕಾದದ್ದು ಕೂಡುತ್ತದೆ. ಕಣಿವೆಯ ಜಾಗದಲ್ಲಿ ಗುಡ್ಡ ಏಳಲೇಬೇಕು. ಅಷ್ಟು ದಿನ ಪರದೆ ನನಗೆ ಸರಿಯಾದದ್ದನ್ನೇ ಹೇಳುತ್ತಿತ್ತು.

ಮನೆಗೆ ಬಂದು ತುದಿ ಕೂಡಿಸಿದೆ. ಕಣಿವೆ ಬಂತು. ನಡೆದದ್ದನ್ನೆಲ್ಲ ಸರ್‌ಗೆ ಬರೆದೆ. ಅವರು ಫೋನ್ ಮಾಡಿದರು.

“ನೀಲಾ, ಒಂದು ಸಲ ಬಂತು, ಆಮೇಲೆ ಬರಲಿಲ್ಲ, ಈಗ ಗಡುವು ಹತ್ತಿರ ಬಂದಾಗ ಮತ್ತೆ ಬಂತು. ಯಾಕೆ ಅಂದ್ರೆ ಅತ್ತಿಗೆ ವೈರ್ ಬಿಡಿಸಿದ್ರು ಅಂತೀರಿ. ಇದನ್ನ ನಾನು ವಿಶಾಲ್ ಮುಂದೆ ಹೇಗೆ ಹೇಳಲಿ?”

“ನಾಳೆ ನಿಮ್ಮೆದುರಿಗೇ ಮಾಡಿ ತೋರಿಸ್ತೀನಿ ಸರ್.”

“ನಿಮ್ಮ ಕೈಯಲ್ಲಿ ಬೇಡ. ನೀವು ಬೋರ್ಡಿನ ಹತ್ತಿರ ಇರಬೇಡಿ. ಪರದೆ ಹಂಚಿಕೊಂಡು ಹೊರಗೆ ಹೋಗಿ. ತುದಿಯನ್ನ ಬೇರೆಯವರು ಕೂಡಿಸಲಿ, ಬಿಡಿಸಲಿ. ಏನು ಮಾಡಿದ್ರು ಅಂತ ನನಗೆ ಹೇಳಬಾರದು. ಪರದೆ ನೋಡಿ ನಾನು ಹೇಳ್ತೀನಿ.”

ಅಣ್ಣ ಅಫಜಲಪುರಕ್ಕೆ, ಚಿಕ್ಕಮ್ಮ ಕಲಬುರಗಿಗೆ ತಿರುಗಿ ಹೋಗಿದ್ದರು. ಮನೆಯಲ್ಲಿದ್ದ ಬೇರೆಯವರೆಂದರೆ ಕಾಲಿಗೆ ಕಟ್ಟು ಹಾಕಿಕೊಂಡ ಅವ್ವ, ಮತ್ತು ವೈನಿ.

ವೈನಿ ಮೊದಲು ಸಾಧ್ಯವೇ ಇಲ್ಲ ಅಂದರು. ನನ್ನ ನಾಲ್ಕು ವರ್ಷದ ಕೆಲಸ ಇದರ ಮೇಲೆ ನಿಂತಿದೆ ಎಂದು ಹೇಳಿದೆ. ಅದುವರೆಗೆ ಮನೆಯಲ್ಲಿ ಯಾರಿಗೂ ಅಷ್ಟು ಹೇಳಿರಲಿಲ್ಲ. ವೈನಿ ಸೆರಗಿಗೆ ಕೈ ಒರೆಸಿಕೊಂಡು ಮಾಳಿಗೆ ಹತ್ತಿದರು. ಖೋಲಿಯಲ್ಲಿ ಬೋರ್ಡು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಬಾಗಿಲು ತೆರೆದಿತ್ತು. ಫೋನಿನಲ್ಲಿ ಸರ್ ಇದ್ದರು.

“ಕರೆಂಟ್ ಇಲ್ಲಲ್ಲ?” ಎಂದು ವೈನಿ ನನ್ನನ್ನು ಕೇಳಿದರು.

“ಇಲ್ರಿ. ಸೆಲ್ಲಿನಷ್ಟೂ ಇಲ್ಲ.”

“ನೀ ಮೊದಲ ಮುಟ್ಟು.”

ನಾನು ಹೊಸೆದದ್ದನ್ನು ಬಿಡಿಸಿ ಎರಡೂ ತುದಿಗಳನ್ನು ಬರಿಗೈಯಲ್ಲಿ ಹಿಡಿದೆ. ವೈನಿ ವೈರನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಅವರ ಹತ್ತಿರ ಬ್ಯಾಟರಿ ಬದಲಿಸಿ ನೋಡುವ, ಡಬ್ಬಿಯಲ್ಲಿ ಮುಚ್ಚಿ ನೋಡುವ ಉಪಾಯ ಇರಲಿಲ್ಲ. ಇದ್ದದ್ದು ನಾನು ಹೇಳಿದ ಮಾತೊಂದೇ, ಅದೂ ಬೀಗ ಹಾಕಿಕೊಂಡಿದ್ದವಳ ಮಾತು. ಕಣ್ಣು ಮುಚ್ಚಿ ಬೆರಳು ಚಾಚಿದರು. ಏನೂ ಆಗಲಿಲ್ಲ. ಕಣ್ಣು ತೆರೆದು ತುದಿಗಳನ್ನು ಕೂಡಿಸಿ ಹೊಸೆದರು.

“ಕೂಡಿದೆ,” ಎಂದು ಫೋನಿನಿಂದ ಸರ್ ಹೇಳಿದರು.

ವೈನಿ ಬೆಚ್ಚಿ ಫೋನಿನ ಕಡೆ ನೋಡಿದರು. ಬಿಡಿಸಿದರು.

“ಬಿಡಿಸಿದ್ದಾರೆ.”

“ಅಯ್ಯ ಶಿವನೇ! ಕುಂತಲ್ಲೇ ಹೆಂಗ ಗೊತ್ತಾಗ್ತದ ಇವ್ರಿಗಿ?” ವೈನಿ ಪಿಸುಗುಟ್ಟಿದರು. ನನ್ನ ಕೈಯಿಂದ ಫೋನು ಕಿತ್ತುಕೊಂಡು ಬೋರಲಾಗಿ ತೊಗರಿಯ ಮೇಲೆ ಇಟ್ಟರು. ಕುಂಬಿಯ ಮೇಲೆ, ಕಿಟಕಿಯ ಸಂದಿಯಲ್ಲಿ, ನೀರಿನ ಟಾಕಿಯ ಹಿಂದೆ ಕ್ಯಾಮರಾ ಹುಡುಕಿದರು. ಸಿಗಲಿಲ್ಲ. ಸಮಾಧಾನವಾಗದೆ ಬೆನ್ನು ತಿರುಗಿಸಿ ಕೂತು, ಸೆರಗನ್ನು ಗುಡಾರದಂತೆ ಮುಂದೆ ಎಳೆದುಕೊಂಡು, ಅದರೊಳಗೆ ತುದಿಗಳನ್ನು ಹಿಡಿದರು. ಏನು ಮಾಡುತ್ತಿದ್ದಾರೆಂದು ನನಗೂ ಕಾಣಲಿಲ್ಲ.

“ಈಗ ಹೇಳ್ರಿ ಸಾಹೇಬ್ರ,” ಎಂದು ಕೂಗಿದರು.

“ಬಿಡಿಸಿಯೇ ಇದೆ. ನೀವು ಏನೂ ಮಾಡಿಲ್ಲ.”

ವೈನಿ ನಾಲಿಗೆ ಕಚ್ಚಿಕೊಂಡರು. ಮೋಸ ಮಾಡಿ ನೋಡಿದ್ದರು, ಅದು ಸಿಕ್ಕಿಬಿದ್ದಿತ್ತು. ಆಮೇಲೆ ಅವರು ಬಿಡಲಿಲ್ಲ. ಕೂಡಿಸಿದರು, ಬಿಡಿಸಿದರು, ಕೂಡಿಸಿದಂತೆ ಮಾಡಿ ಬಿಟ್ಟರು, ಎರಡು ಸಲ ಬಿಡಿಸಿದಂತೆ ಮಾಡಿ ಒಂದು ಸಲವೂ ಬಿಡಿಸಲಿಲ್ಲ, ನಡುವೆ “ತಡೀರಿ, ತೊಗರಿ ಕೈಯಾಡ್ಸಿ ಬರ್ತೇನಿ” ಎಂದು ಸುಳ್ಳು ಹೇಳಿ ಅಲ್ಲೇ ಕೂತು ಕೂಡಿಸಿದರು. ಸರ್ ಒಮ್ಮೆಯೂ ತಪ್ಪಲಿಲ್ಲ. ಕೆಳಗಿನಿಂದ ಅವ್ವ, “ಏನ್ ನಡ್ದದ ಮ್ಯಾಗ? ಯಾರ್ ಸಾಹೇಬ್ರು?” ಎಂದು ಕೂಗುತ್ತಿದ್ದಳು.

ಕೊನೆಗೆ ಫೋನಿನಲ್ಲಿ ಸರ್ ನಗುವುದು ಕೇಳಿಸಿತು. ಅವರು ನಗುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ನೀಲಾ, ನಾನಾಗಿದ್ರೆ ಇಷ್ಟು ಪರೀಕ್ಷೆ ಮಾಡ್ತಿರಲಿಲ್ಲ. ಸಾಕು. ನಕ್ಷೆ ಸಿದ್ಧ ಮಾಡಿ, ನಿಮ್ಮದೇ ಹೋಗುತ್ತೆ.”

ನಾನು ತೊಗರಿಯ ಪಕ್ಕದಲ್ಲೇ ಕೂತುಬಿಟ್ಟೆ. ವೈನಿ ಒಮ್ಮೆ ನನ್ನನ್ನು, ಒಮ್ಮೆ ಫೋನನ್ನು ನೋಡಿ, “ಮುಗೀತೇನ?” ಅಂದರು.

“ಮುಗೀತ್ರಿ.”

“ಅಂದ್ರ ಬಿಡ್ಸಿಡ್ತೇನಿ.” ಕುಪ್ಪಸದೊಳಗಿನಿಂದ ಟೇಪಿನ ಸುರುಳಿ ತೆಗೆದರು.

ಖೋಲಿಯ ಬೀಗದ ಕೈಯನ್ನು ಅಂದು ಅಡುಗೆಮನೆಯ ಮೊಳೆಗೆ ನೇತುಹಾಕಿದೆ. ಪಾರ್ಸಲ್ ಡಬ್ಬಿಯ ಟೇಪನ್ನು ಯಾರು ಬಿಚ್ಚಿದ್ದರು, ನಾನು ಸರ್‌ಗೆ ಬರೆದದ್ದು ವಿಶಾಲ್‌ನಿಗೆ ಹೇಗೆ ತಿಳಿಯಿತು, ಇವೆರಡೂ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ. ಅವನ ಜೊತೆ ಚಹಾ ಕುಡಿಯುತ್ತೇನೆ, ಬೋರ್ಡುಗಳನ್ನು ನಾನೇ ಪಾರ್ಸಲ್ ಮಾಡಿಕೊಳ್ಳುತ್ತೇನೆ.

ರಾಳದ ವಾಸನೆ ನೆಪವಾಗಿ ಹೋದ ಶನಿವಾರ ಆಳಂದಕ್ಕೆ ಹೋಗಿದ್ದೆ. ಅವ್ವ ಕೋಲು ಬಿಟ್ಟು ನಡೆಯುತ್ತಾಳೆ. ಕೇಬಲ್ಲು ಕುಂಬಿಯ ಮೇಲೆ ಹಾಗೆಯೇ ಇದೆ, ಅದರ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ತುದಿಗೆ ಹೊಸ ಟೇಪು ಇತ್ತು, ಬಾಲ ಒಳಗೆ ಸಿಕ್ಕಿಸಿತ್ತು. ಇನ್ನೊಂದು ತುದಿ ಕಿಟಕಿಯ ಕೆಳಗೆ ಯಾವುದಕ್ಕೂ ಹಚ್ಚದೆ ಬಿದ್ದಿತ್ತು, ಅದಕ್ಕೂ ಟೇಪು ಸುತ್ತಿದ್ದರು.

ಚಿಪ್ಪು ನನ್ನ ಚೀಲದಲ್ಲಿತ್ತು. ಲ್ಯಾಬಿನಲ್ಲಿ ಅದರ ಕಣಿವೆಯನ್ನು ಮತ್ತೆ ಮತ್ತೆ ನೋಡಿಯಾಗಿತ್ತು. ಕಡಲೆಬೇಳೆಗಿಂತ ಸಣ್ಣ ಕರಿಯ ಚೌಕ. ವೈನಿಯ ಅಂಗೈ ಮೇಲೆ ಇಡಲು ಹೋದೆ. ಅವರು ಕೈ ಹಿಂದೆ ತೆಗೆದುಕೊಂಡರು.

“ಇದರಾಗ ಆ ವೈರ್ ಎಲ್ಲದ?”

“ಒಳಗ ಅದ್ರಿ. ಕಣ್ಣಿಗಿ ಕಾಣಂಗಿಲ್ಲ.”

“ತುದಿ?”

“ಕೂಡ್ಸೇನ್ರಿ. ಇದನ್ನ ಬಿಡ್ಸಾಕ ಬರಂಗಿಲ್ಲ.”

ವೈನಿ ಬಗ್ಗಿ ಚೌಕವನ್ನು ಎಲ್ಲ ಕಡೆಯಿಂದ ನೋಡಿದರು. ಸುತ್ತಲೂ ಹೊರಗೆ ಬಂದಿದ್ದ ಸಣ್ಣ ಸಣ್ಣ ಕಾಲುಗಳು ಯಾವುದಕ್ಕಾದರೂ ತಾಗಿವೆಯೇ ಎಂದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ನೀ ಮೊದಲ ಮುಟ್ಟು,” ಅಂದರು.

ನಾನು ಬೆರಳಿಟ್ಟೆ. ಸ್ವಲ್ಪ ತಡೆದು ಅವರೂ ಇಟ್ಟರು.